ಸೆರಗಿಲ್ಲದವರಿಗೂ ಉಡಿ

ಸ್ಟುಟ್‌ಗಾರ್ಟ್‌ನಲ್ಲೇ ನಾದಿನಿಯ ಕುಬಸ, ಅಂದರೆ ಸೀಮಂತ, ಮಾಡೋಣ ಎಂದಾಗ ಸೀರೆಯಾಗಲಿ ಹೋಳಿಗೆಯಾಗಲಿ ತಲೆನೋವಾಗಲಿಲ್ಲ. ಹಸಿರು ಸೀರೆ ಅವಳ ಹತ್ತಿರವೇ ಇತ್ತು, ರವಿಕೆಗೆ ಗುಳೇದಗುಡ್ಡದ ಖಣ ಊರಿಂದ ಪಾರ್ಸೆಲ್‌ನಲ್ಲಿ ಬಂತು. ಏಳನೇ ತಿಂಗಳಲ್ಲಿ ಒಂದು ಶನಿವಾರ ಎಂದು ಗೊತ್ತಾಯಿತು. ಯೋಚನೆ ಹತ್ತಿದ್ದು ಬರುವವರದು. ಅರ್ಧಕ್ಕರ್ಧ ಅವಳ ಆಫೀಸಿನ ಜರ್ಮನ್ ಗೆಳತಿಯರು. ಪ್ಯಾಂಟು, ಸ್ವೆಟರ್ ಹಾಕಿಕೊಂಡು ಬರುವವರಿಗೆ ಉಡಿ ತುಂಬುವುದೆಲ್ಲಿ? ಅತ್ತಿ ವಿಡಿಯೋ ಕಾಲ್‌ನಲ್ಲಿ ಒಂದೇ ಮಾತು ಹೇಳಿದರು: “ಯಾರರ ಇರಲಿ, ಬಂದ ಹೆಣ್ಮಕ್ಕಳನ್ನ ಬರೇ ಕೈಲೆ ಕಳಸಬ್ಯಾಡವಾ.”

ಬಂದವರಿಗೆ ಕೊಡಲೆಂದು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಫೀಡಿಂಗ್ ಬಾಟಲಿ, ಅದರೊಳಗೆ ನಾಲ್ಕು ಪೆಪ್ಪರ್‌ಮಿಂಟು, ಮೇಲೊಂದು ರಿಬ್ಬನ್ನು ನನಗೆ ಹಿಡಿಸುವುದಿಲ್ಲ. ಮನೆಗೆ ಒಯ್ದವರು ಅದನ್ನು ಏನು ಮಾಡಬೇಕು? ಕುಬಸಕ್ಕೆ ಬಂದವರು ಒಯ್ಯಬೇಕಾದ್ದು ಬಳೆ, ಅರಿಷಿಣ-ಕುಂಕುಮ, ಉಡಿ. ಹಾಗಾಗಿ ಹಸಿರು ಕಾಗದದ ಪೆಟ್ಟಿಗೆ ಮಡಚುವುದೆಂದಾಯಿತು. ಇಲ್ಲಿ ರವಿವಾರ ಅಂಗಡಿ ತೆರೆಯುವುದಿಲ್ಲ, ಕಾಗದವನ್ನು ಮುಂಚೆಯೇ ತಂದಿಟ್ಟುಕೊಂಡೆ.

ಪೆಟ್ಟಿಗೆಯ ಅಳತೆಯನ್ನು ಬಳೆಯೇ ಹೇಳುತ್ತದೆ. ಬಳೆಯ ಸೈಜು 2-6 ಎಂದರೆ ಎರಡು ಇಂಚಿನ ಮೇಲೆ ಆರು ಹದಿನಾರಾಂಶ, ಒಳವ್ಯಾಸ ಸುಮಾರು 60 ಮಿ.ಮೀ. 2-8 ಆದರೆ 63.5. ಬಳೆಯ ದಪ್ಪ ಸೇರಿದರೂ 70ರೊಳಗೆ ನಿಲ್ಲುತ್ತದೆ. ಜಪಾನಿನವರ ಮಾಸು ಪೆಟ್ಟಿಗೆಗೆ ಗೋಂದು ಬೇಡ, ಚೌಕ ಕಾಗದವೊಂದಿದ್ದರೆ ಸಾಕು. ನಾಲ್ಕೂ ಮೂಲೆಯನ್ನು ನಡುವಿಗೆ ತಂದು, ಮತ್ತೆ ಅಂಚುಗಳನ್ನು ನಡುವಿಗೆ ಮಡಚಿ, ಗೆರೆ ಬಿದ್ದ ಮೇಲೆ ಎದುರುಬದುರಿನ ಎರಡು ಮೂಲೆ ಬಿಡಿಸಿ ಗೋಡೆ ಎಬ್ಬಿಸಬೇಕು. ಎ4 ಹಾಳೆಯಿಂದ 210 ಮಿ.ಮೀ. ಚೌಕ ಕತ್ತರಿಸಿದರೆ 74 ಮಿ.ಮೀ. ಅಗಲ, 37 ಎತ್ತರದ ಪೆಟ್ಟಿಗೆ ಬರುತ್ತದೆ. ಅದು ಮುಚ್ಚಳ. ತಳಕ್ಕೆ 206ರ ಚೌಕ, ಮುಚ್ಚಳ ಸಲೀಸಾಗಿ ಕೂರುತ್ತದೆ. ಕಾಗದ 120 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 120 ಗ್ರಾಂ ತೂಕದ್ದು, ಇರಲಿ. ಪ್ರಿಂಟರಿನ 80 ಜಿಎಸ್‌ಎಂ ಹಾಳೆ ಬಳೆಯ ಭಾರಕ್ಕೆ ಸೊಟ್ಟಗಾಗುತ್ತದೆ, ತೀರ ದಪ್ಪದ್ದು ಮಡಿಕೆಯಲ್ಲಿ ಬಿರಿಯುತ್ತದೆ. ಗೆರೆ ತೀಡಲು ಉಗುರಿಗಿಂತ ಚಮಚದ ಬೆನ್ನು ವಾಸಿ.

ಹಾಳೆಯಲ್ಲಿ ಉಳಿಯುವ 87 ಮಿ.ಮೀ. ಪಟ್ಟಿಯನ್ನು ಎಸೆಯಲಿಲ್ಲ. ಅದರಲ್ಲೇ ಅರಿಷಿಣ-ಕುಂಕುಮದ ಪೊಟ್ಟಣ ಕಟ್ಟಿದೆ. ಕುಂಕುಮ ನೇರ ಪೆಟ್ಟಿಗೆಗೆ ಬಿದ್ದರೆ ಕಾಗದವೆಲ್ಲ ಕೆಂಪು. ಖಣ ಹೊಲಿದು ಮಿಕ್ಕ ಚೂರುಗಳನ್ನು ಮುಚ್ಚಳದ ಸುತ್ತ ಸುತ್ತಿದ್ದು ನಾದಿನಿಯೇ. “ವೈನಿ, ಪೆಟಗಿಗೂ ಕುಬಸ ಆತು ನೋಡ್ರಿ” ಎಂದು ತನ್ನ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹುಟ್ಟುಹಬ್ಬದ ಶುಭಾಶಯ ಒಂದು ದಿನ ಮೊದಲೇ ಹೇಳಿದರೂ ಅಪಶಕುನ ಎನ್ನುವ ಜನ ಈ ಜರ್ಮನರು. ಬಂದವರಲ್ಲಿ ಒಬ್ಬಾಕೆ, ಹುಟ್ಟದ ಕೂಸಿಗೆ ಈಗಲೇ ಸಂಭ್ರಮವೇ ಎಂದು ಮೆಲ್ಲಗೆ ಕೇಳಿದಳು. ಇದು ಕೂಸಿಗಲ್ಲ, ಬಸುರಿಗೆ. ಅವಳ ಬಯಕೆ ತೀರಿಸುವುದಕ್ಕೆ ಎಂದೆ. ಆಕೆಗೆ ನಿರಾಳವಾಯಿತು, ಹೋಳಿಗೆ ಎರಡನೇ ಸಲ ಹಾಕಿಸಿಕೊಂಡಳು.

ನಾದಿನಿಗೆ ಬಳೆ ತೊಡಿಸಿ, ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಅಡಿಕೆ ಹಾಕಿ ಆರತಿ ಎತ್ತಿದೆವು. ಸೀರೆ ಉಟ್ಟು ಬಂದವರು ಸೆರಗೊಡ್ಡಿದರು. ಉಳಿದವರು ಬಳೆಯನ್ನು ಅಲ್ಲೇ ಕೈಗೇರಿಸಿ, ಖಾಲಿಯಾದ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು. ಒಂದು ಹಿಡಿ ಅಕ್ಕಿ, ಒಂದು ಉತ್ತತ್ತಿ, ಒಂದು ಅಡಿಕೆ ಅದರಲ್ಲಿ ಸರಿಯಾಗಿ ಹಿಡಿಸಿತು. ಫೋನಿನಲ್ಲಿ ನೋಡುತ್ತಿದ್ದ ಅತ್ತಿ, “ಅಕ್ಕಿ ಚೆಲ್ಲದಂಗ ಮುಚ್ಚಳ ಹಾಕ್ರೆವಾ” ಎಂದು ಅಲ್ಲಿಂದಲೇ ಕೂಗಿದರು.

ಮಿಕ್ಕ ಪೆಟ್ಟಿಗೆಗಳನ್ನು ನಾದಿನಿ ತೊಟ್ಟಿಲ ಕಾರ್ಯಕ್ಕೆಂದು ಎತ್ತಿಟ್ಟಿದ್ದಾಳೆ. ಆಗ ಒಳಗೆ ಬೇಯಿಸಿದ ಕಾಳಿನ ಗುಗ್ಗರಿ ಹಾಕಬೇಕು, ಒದ್ದೆಯಾಗಿರುತ್ತದೆ, ಬೆಣ್ಣೆಕಾಗದ ಹಾಸದೆ ನಡೆಯದು.