ಮಾವನ ಹೆಸರಿದ್ದ ಸಾಲು

ಹದಿನಾಲ್ಕು ತಿಂಗಳು, ಪ್ರತಿ ತಿಂಗಳ ಮೊದಲ ಸೋಮವಾರ, ಮಾಟುಂಗಾದ ಹೋಟೆಲಿನ ಗಲ್ಲಾ ಬಿಟ್ಟು ಪ್ರೊಬೇಷನ್ ಆಫೀಸಿಗೆ ಹೋಗಿ ಸಹಿ ಮಾಡಿದ್ದೇನೆ. ಒಂದು ಸಲವೂ ತಪ್ಪಿಸಲಿಲ್ಲ.

ರೂಮಿನಲ್ಲಿ ಜೊತೆಗಿದ್ದ ಹುಡುಗನಿಗೆ ಬಾಡಿಗೆ ಲೆಕ್ಕದ ಜಗಳದಲ್ಲಿ ಹೊಡೆದಿದ್ದೆ. ಅವನ ಮುಂದಿನ ಹಲ್ಲು ಮುರಿಯಿತು. ಹಲ್ಲು ಮುರಿದರೆ ಕಾನೂನಿಗೆ ಅದು ಸಣ್ಣ ಪೆಟ್ಟಲ್ಲ. ಆಗಿದ್ದ ಐಪಿಸಿ 325ರಲ್ಲಿ ಏಳು ವರ್ಷದವರೆಗೆ ಜೈಲು. ನಾನು ತಪ್ಪು ಒಪ್ಪಿಕೊಂಡೆ. ಮೊದಲ ಕೇಸು ಅಂತ ಜಡ್ಜ್ ಜೈಲಿಗೆ ಕಳಿಸದೆ 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಬಿಟ್ಟರು. ಒಳ್ಳೆಯ ನಡತೆಯಲ್ಲಿ ಇರುತ್ತೇನೆ ಅಂತ ಎರಡು ವರ್ಷದ ಬಾಂಡು, ಆಫೀಸರರ ನಿಗಾ, ಆ ಹುಡುಗನಿಗೆ ಪರಿಹಾರ, ಮುಂಬೈಯಲ್ಲೇ ಇರಬೇಕೆಂಬ ಷರತ್ತು. ಜಾಮೀನು ನಿಂತವರು ಮಾವ. ಅವರು ಹುಡುಗನಾಗಿ ಕುಂದಾಪುರದಿಂದ ಬಂದು ಟೇಬಲ್ ಒರೆಸಿದವರು. ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವರು. ಕೋರ್ಟಿನ ಮೆಟ್ಟಿಲು ಹತ್ತಿದ್ದು ನನ್ನಿಂದಲೇ.

ಆಮೇಲೆ ಊರಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಪ್ರತಿ ಸಲ ಅನುಮತಿ ಕೇಳಿ ಎಂಟು ದಿನಕ್ಕೆ ಹೋಗಿ ಬರುವುದರಿಂದ ಅವರನ್ನು ನೋಡಿಕೊಂಡಂತೆ ಆಗುತ್ತಿರಲಿಲ್ಲ. ಬಾಂಡಿನಿಂದ ಬೇಗ ಬಿಡುಗಡೆ ಸಿಗಬಹುದು ಅಂತ ಒಬ್ಬ ವಕೀಲರು ಹೇಳಿ, ದುಡ್ಡು ತೆಗೆದುಕೊಂಡು, ನನ್ನ ಹೆಸರಲ್ಲೇ ಅರ್ಜಿ ಹಾಕಿದರು. ಅದು ಹಾಗೇ ವಾಪಸ್ ಬಂತು. ಆ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಈ ಅರ್ಜಿಯನ್ನು ಹಾಕಬೇಕಾದವರು ಪ್ರೊಬೇಷನ್ ಆಫೀಸರ್. ನಡತೆ ನೋಡಿ, ಇವನಿಗೆ ಇನ್ನು ನಿಗಾ ಬೇಡ ಅಂತ ಅವರು ಹೇಳಬೇಕು, ಅದು ಕೋರ್ಟಿಗೆ ಒಪ್ಪಿಗೆ ಆಗಬೇಕು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು. ಇಂಥ ಸ್ಥಿತಿಯಲ್ಲಿ ಇರುವವರು ಮೊದಲು ಆಫೀಸರ್ ಹತ್ತಿರವೇ ಹೋಗಿ.

ನಾನು ನನ್ನ ಆಫೀಸರ್ ಮ್ಯಾಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ತಕ್ಷಣ ಹೂಂ ಅನ್ನಲಿಲ್ಲ. ನಿಗಾ ಕಡಿಮೆ ಅಂದರೂ ಒಂದು ವರ್ಷ ಇರಲೇಬೇಕಿತ್ತು, ಅದು ಮುಗಿದಿತ್ತು. ಆದರೂ ಅವರು ಹೋಟೆಲಿಗೆ ಬಂದರು, ಮಾಲೀಕರನ್ನು ಕೇಳಿದರು. ರೂಮಿನ ಪಕ್ಕದವರನ್ನೂ ಕೇಳಿದರು. ಪರಿಹಾರದ ರಸೀದಿ ನೋಡಿದರು. ಕೊನೆಗೆ, "ಕೋಪ ಬಂದಾಗ ಈಗ ಏನು ಮಾಡ್ತೀಯಾ?" ಅಂದರು. ಹೊರಗೆ ಹೋಗಿ ನಿಲ್ಲುತ್ತೇನೆ ಅಂದೆ. ಅದು ನಿಜವೇ. ಗಲ್ಲಾದಲ್ಲಿ ಕೂತವನಿಗೆ ದಿನಕ್ಕೆ ಹತ್ತು ಸಲ ಕೋಪ ಬರುತ್ತೆ ಅಲ್ವಾ?

ಕೋರ್ಟಿನ ದಿನ ಬೆಳಿಗ್ಗೆ ಹತ್ತೂವರೆಯಿಂದ ಬೆಂಚಿನ ಮೇಲೆ ಕೂತಿದ್ದೆವು. ನಮ್ಮ ಹೆಸರು ಕರೆದಾಗ ಮೂರೂ ಕಾಲು. ಮ್ಯಾಡಂ ಬರೆದಿದ್ದನ್ನು ಜಡ್ಜ್ ಓದಿ, ಮರಾಠಿಯಲ್ಲಿ ನನ್ನನ್ನು ಒಂದೇ ಪ್ರಶ್ನೆ ಕೇಳಿದರು, ಆ ಹುಡುಗ ಈಗ ಹೇಗಿದ್ದಾನೆ ಅಂತ. ಹಲ್ಲು ಕಟ್ಟಿಸಿಕೊಂಡಿದ್ದಾನೆ, ನನ್ನ ಜೊತೆ ಮಾತಿಲ್ಲ ಅಂದೆ. ಅವರು ತಲೆಯಾಡಿಸಿ ಬರೆದರು. ಬಾಂಡು ರದ್ದು. ತಪ್ಪು ಮಾಡಿದ್ದೇನೆ ಅನ್ನುವ ತೀರ್ಪು ಹಾಗೇ ಇರುತ್ತೆ, ಅದು ಇರಬೇಕಾದದ್ದೇ. ಆದರೆ 12ನೇ ಸೆಕ್ಷನ್ ಇರುವುದರಿಂದ ಆ ತೀರ್ಪಿನ ಕಾರಣಕ್ಕೆ ಬರುವ ಅನರ್ಹತೆ ನನಗೆ ತಟ್ಟುವುದಿಲ್ಲ ಅಂತ ಮ್ಯಾಡಂ ಹೊರಗೆ ಬಂದು ವಿವರಿಸಿದರು.

ನಾಲ್ಕು ದಿನದ ಮೇಲೆ ಆದೇಶದ ನಕಲು ಸಿಕ್ಕಿತು. ಅರ್ಧ ಪುಟ, ಇಂಗ್ಲಿಷ್. ಅಲ್ಲೇ ಮೆಟ್ಟಿಲ ಮೇಲೆ ಕೂತು ಮಾವನಿಗೆ ಕನ್ನಡದಲ್ಲಿ ಹೇಳಿದೆ. ಮತ್ಸ್ಯಗಂಧ ರೈಲಿಗೆ ಟಿಕೆಟ್ ನೋಡೋಣ ಅಂದೆ. ಅವರು ಅದಕ್ಕೆ ಏನೂ ಅನ್ನಲಿಲ್ಲ.

"ನನ್ ಹೆಸ್ರ್ ಎಲ್ಲಿತ್ತ್, ತೋರ್ಸ್."

ಕೆಳಗಿನಿಂದ ಎರಡನೇ ಸಾಲು, ಜಾಮೀನುದಾರನೂ ಮುಕ್ತ ಅಂತ ಇರುವುದು. ತೋರಿಸಿದೆ. ಮಾವ ಅದರ ಮೇಲೆ ಬೆರಳಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದರು.