ಬಸ್ರಾ ಲೆಕ್ಕ, ನಾಲ್ಕನೇ ವಾರ: ಛೇದದಲ್ಲೇ ಸಿಕ್ಕಿಕೊಂಡಿದ್ದೇನೆ

ಕಳೆದ ವಾರ ಗ್ರಾಫ್ ಮುಗಿಯಿತು ಅಂತ ಬರೆದುಬಿಟ್ಟಿದ್ದೆ. ಮುಗಿದಿಲ್ಲ. ಅಳಿಸಿ ಮತ್ತೆ ಶುರು ಮಾಡಿದ್ದೇನೆ.

ಹೊಸದಾಗಿ ಓದುವವರಿಗೆ ಎರಡು ಮಾತು. ಯುದ್ಧ ನಡೆದ ಕಡೆ ಮಕ್ಕಳಿಗೆ ರಕ್ತದ ಕ್ಯಾನ್ಸರ್ (ಲ್ಯುಕೇಮಿಯಾ) ಜಾಸ್ತಿಯಾಯಿತು ಅಂತ ಎಲ್ಲರೂ ಹೇಳುತ್ತಾರೆ, ಅದರ ಹಿಂದಿನ ಲೆಕ್ಕ ಏನು ಅಂತ ಭಾನುವಾರಗಳಲ್ಲಿ ಒಂದು ಎಕ್ಸೆಲ್ ಶೀಟ್ ಇಟ್ಟುಕೊಂಡು ನೋಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಟೆಸ್ಟರ್. ಜಾಗ ಇರಾಕಿನ ದಕ್ಷಿಣ ತುದಿಯ ಬಸ್ರಾ. ನಮ್ಮ ಚಿಕ್ಕಪ್ಪ 1990ರಲ್ಲಿ ಕುವೈತಿನಿಂದ ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ, ಅಮ್ಮಾನ್‌ನಲ್ಲಿ ಏರ್ ಇಂಡಿಯಾ ವಿಮಾನ ಹತ್ತಿ ಊರು ಸೇರಿದವರು. ಆ ಹೆಸರು ಮನೆಯಲ್ಲಿ ಆಗಿನಿಂದಲೂ ಓಡಾಡುತ್ತಿದೆ, ಅಷ್ಟೇ ಕಾರಣ.

ಕೈಯಲ್ಲಿರುವ ಮುಖ್ಯ ಅಂಕಿಗಳು 2010ರಲ್ಲಿ ಅಮೆರಿಕನ್ ಜರ್ನಲ್ ಆಫ್ ಪಬ್ಲಿಕ್ ಹೆಲ್ತ್‌ನಲ್ಲಿ ಬಂದ ಒಂದು ಅಧ್ಯಯನದವು. ಇರಾಕಿನವರೂ ಅಮೆರಿಕದವರೂ ಸೇರಿ ಮಾಡಿದ್ದು. 1993ರಿಂದ 2007ರವರೆಗೆ, 15 ವರ್ಷ, 14 ವರ್ಷದವರೆಗಿನ ಮಕ್ಕಳು, ಆಸ್ಪತ್ರೆಯ ದಾಖಲೆಯಿಂದ ತೆಗೆದ ಲೆಕ್ಕ: 698 ಲ್ಯುಕೇಮಿಯಾ ಪ್ರಕರಣಗಳು. 2006 ಒಂದರಲ್ಲೇ 211. ಈ ಅವಧಿಯಲ್ಲಿ ದರ ಎರಡು ಪಟ್ಟಿಗಿಂತ ಹೆಚ್ಚಾಯಿತು ಅಂತ ಅವರ ತೀರ್ಮಾನ.

ಮೊದಲ ವಾರ ನಾನು ಮಾಡಿದ್ದು ಸುಮ್ನೆ ಭಾಗಾಕಾರ. 698 ಭಾಗಿಸು 15, ವರ್ಷಕ್ಕೆ ಸುಮಾರು 46 ಮಕ್ಕಳು. ಇದು ಜಾಸ್ತಿಯೋ ಕಡಿಮೆಯೋ ಅಂತ ಹೇಳೋಕೆ ಬಸ್ರಾದಲ್ಲಿ ಒಟ್ಟು ಎಷ್ಟು ಮಕ್ಕಳಿದ್ದರು ಅಂತ ಗೊತ್ತಿರಬೇಕು. ಶಾಲೆಯಲ್ಲಿ ಕಲಿತ ಅಂಶ, ಛೇದ. ಮೇಲಿನದು ಸಿಕ್ಕಿತು, ಕೆಳಗಿನದು ಇಲ್ಲಿಯವರೆಗೂ ಕಾಡುತ್ತಿದೆ.

8 ಲಕ್ಷ ಮಕ್ಕಳು ಅಂತ ಹಾಕಿ ನೋಡಿ, ಲಕ್ಷಕ್ಕೆ 5.8 ಬರುತ್ತದೆ. 10 ಲಕ್ಷ ಅಂತ ಹಾಕಿ, 4.7. ಅಮೆರಿಕದಲ್ಲಿ ಇದೇ ವಯಸ್ಸಿನ ಮಕ್ಕಳಲ್ಲಿ ವರ್ಷಕ್ಕೆ ಲಕ್ಷಕ್ಕೆ ಸುಮಾರು 5. ಅಂದರೆ ಒಂದು ಅಂದಾಜು ಹಾಕಿದರೆ ಬಸ್ರಾ ಮೇಲೆ, ಇನ್ನೊಂದು ಹಾಕಿದರೆ ಕೆಳಗೆ! ಮಕ್ಕಳು ಅವರೇ, ಆಸ್ಪತ್ರೆ ಅದೇ. ಬದಲಾಗಿದ್ದು ನಾನು ಟೈಪ್ ಮಾಡಿದ ಒಂದು ಅಂಕಿ ಮಾತ್ರ.

ಸರಿ, ನಿಜವಾದ ಅಂಕಿ ತರೋಣ ಅಂತ ಜನಗಣತಿ ಹುಡುಕಿದೆ. ಇರಾಕಿನಲ್ಲಿ 1987ರಲ್ಲಿ ಆಗಿದೆ, 1997ರಲ್ಲಿ ಆಗಿದೆ, ಅದೂ ಕುರ್ದಿಸ್ತಾನದ ಮೂರು ಪ್ರಾಂತ್ಯ ಬಿಟ್ಟು. ಆಮೇಲೆ? 2024ರ ನವೆಂಬರ್. ನಡುವೆ 27 ವರ್ಷ ಪೂರ್ತಿ ಎಣಿಕೆಯೇ ಇಲ್ಲ. (2011ರಿಂದ ನಮ್ಮದೂ ನಿಂತಿತ್ತಲ್ಲ ಅಂತ ನೆನಪಾಗಿ ಬಾಯಿ ಮುಚ್ಚಿಕೊಂಡೆ.) ಅಷ್ಟರಲ್ಲಿ ಜನ ಸುಮ್ಮನೆ ಕೂತಿದ್ದರೇ? 1991ರ ದಂಗೆಯ ನಂತರ ಸದ್ದಾಂ ಸರ್ಕಾರ ದಕ್ಷಿಣ ಇರಾಕಿನ ಜೌಗು ಪ್ರದೇಶದ ನೀರನ್ನೇ ಬಸಿದು ಹಾಕಿತು, ಅಲ್ಲಿನವರು ಪಟ್ಟಣಗಳಿಗೂ ಇರಾನಿಗೂ ಚದುರಿದರು, 2003ರ ನಂತರ ಎಷ್ಟೋ ಮಂದಿ ವಾಪಸ್ ಬಂದರು, ಇನ್ನಷ್ಟು ಮಂದಿ ಹೊಸದಾಗಿ ಓಡಿದರು. ಇಂಥ ಕಡೆ ವರ್ಷವಾರು ಮಕ್ಕಳ ಸಂಖ್ಯೆ ಅಂದರೆ ಯಾರದೋ ಅಂದಾಜು, ಬೇರೆ ದಾರಿಯೇ ಇಲ್ಲ.

ಎರಡನೇ ಪೆಟ್ಟು 2006. 698ರಲ್ಲಿ 211 ಅಂದರೆ ಶೇ 30, ಒಂದೇ ವರ್ಷದಲ್ಲಿ. ಅದನ್ನು ತೆಗೆದುಹಾಕಿದರೆ ಉಳಿದ 14 ವರ್ಷಕ್ಕೆ 487, ವರ್ಷಕ್ಕೆ 35ರ ಹತ್ತಿರ. ನನ್ನ ಹಳೆಯ ಗ್ರಾಫ್‌ನಲ್ಲಿ ಆ ವರ್ಷ ತೆಂಗಿನಮರದ ಹಾಗೆ ಎದ್ದು ನಿಂತಿತ್ತು, ಪಕ್ಕದ ಕಂಬಗಳೆಲ್ಲ ಗರಿಕೆ. ಕಾಯಿಲೆ ಒಂದೇ ವರ್ಷ ಹೀಗೆ ಜಿಗಿದು ಇಳಿಯುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಸಮಾರಾ ಪಟ್ಟಣದ ಶಿಯಾ ಮಸೀದಿ ಸ್ಫೋಟವಾಗಿ ಶಿಯಾ-ಸುನ್ನಿ ಹಿಂಸೆ ಹೊತ್ತಿಕೊಂಡ ಮೇಲೆ ಬಾಗ್ದಾದಿನ ದಾರಿಯಲ್ಲಿ ಜೀವಕ್ಕೆ ಖಾತ್ರಿ ಇರಲಿಲ್ಲ. ಮೊದಲಾಗಿದ್ದರೆ ಬಾಗ್ದಾದಿಗೆ ಹೋಗುತ್ತಿದ್ದ ಮಗು ಬಸ್ರಾದಲ್ಲೇ ದಾಖಲಾಗಿರಬಹುದು. ಇದು ನನ್ನ ಊಹೆ, ಶೀಟಿನಲ್ಲೂ ಊಹೆ ಅಂತಲೇ ಹಳದಿ ಬಣ್ಣ ಕೊಟ್ಟಿದ್ದೇನೆ.

ಹಾಗಾದರೆ ಏರಿಕೆಯೇ ಸುಳ್ಳಾ? ಅಲ್ಲ. ಇಲ್ಲಿ ನಾನೇ ಎರಡು ಸಲ ಎಡವಿದೆ. ಛೇದ ತಪ್ಪಿದರೆ ದರ ಮೇಲಕ್ಕೂ ಹೋಗಬಹುದು, ಕೆಳಕ್ಕೂ ಬರಬಹುದು. ಮೇಲಿನ ಅಂಶದಲ್ಲಿ ಮಾತ್ರ ಬಹುಪಾಲು ತಪ್ಪು ಒಂದೇ ಕಡೆಗೆ ವಾಲುತ್ತದೆ, ಕಡಿಮೆಯ ಕಡೆಗೆ. ಲ್ಯುಕೇಮಿಯಾ ಶುರುವಾಗೋದು ಜ್ವರ, ಬಿಳಿಚಿಕೊಳ್ಳೋದು, ಮೂಳೆ ನೋವು, ಮೈಮೇಲೆ ನೀಲಿ ಕಲೆ, ಇಷ್ಟರಿಂದ. ರಕ್ತಪರೀಕ್ಷೆ, ಆಮೇಲೆ ಅಸ್ಥಿಮಜ್ಜೆ ಪರೀಕ್ಷೆ ಆಗದೆ ಹೋದರೆ ಅದು ಸೋಂಕಿನ ಜ್ವರ ಅಂತಲೇ ಮುಗಿದುಹೋಗುತ್ತದೆ. 1990ರಿಂದ 2003ರವರೆಗೆ ಇರಾಕಿನ ಮೇಲೆ ವಿಶ್ವಸಂಸ್ಥೆಯ ವ್ಯಾಪಾರ ನಿರ್ಬಂಧ, ಕೀಮೋ ಔಷಧಿಗೂ ಪರದಾಟ. ಔಷಧಿಯೇ ಇಲ್ಲದ ಆಸ್ಪತ್ರೆಗೆ ಹಳ್ಳಿಯಿಂದ ಮಗುವನ್ನು ಹೊತ್ತು ತರುವವರು ಯಾರು? ಹಾಗಾಗಿ ಮೊದಲ ವರ್ಷಗಳ ಲೆಕ್ಕದಲ್ಲಿ ಎಷ್ಟೋ ಮಕ್ಕಳು ತಪ್ಪಿಹೋಗಿದ್ದಾರೆ ಅಂತ ನನ್ನ ನಂಬಿಕೆ. ಅದರಿಂದ ಏರಿಕೆ ಇದ್ದದ್ದಕ್ಕಿಂತ ಕಡಿದಾಗಿ ಕಾಣುತ್ತದೆ, ನಿಜ. ಆದರೆ ಒಟ್ಟು ಹೊರೆ ಕಾಣುವುದಕ್ಕಿಂತ ದೊಡ್ಡದೇ ಆಗಿತ್ತು ಅಂತಲೂ ಅದೇ ಹೇಳುತ್ತದೆ. ಈ ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳೋಕೆ ನನಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು.

ಡಿಪ್ಲೀಟೆಡ್ ಯುರೇನಿಯಂ (ಟ್ಯಾಂಕ್ ಸೀಳುವ ಗುಂಡುಗಳಿಗೆ ಬಳಸುವ ಭಾರದ ಲೋಹ) ಕಾರಣವೇ ಅಂತ ಗೆಳೆಯರು ಕೇಳುತ್ತಾರೆ. 1991ರ ಕೊಲ್ಲಿ ಯುದ್ಧದಲ್ಲೂ 2003ರ ಇರಾಕ್ ಯುದ್ಧದಲ್ಲೂ ಆ ಗುಂಡುಗಳನ್ನು ಹಾರಿಸಿದ್ದು ನಿಜ. ಕುವೈತಿನಲ್ಲಿ 600ಕ್ಕೂ ಹೆಚ್ಚು ಎಣ್ಣೆ ಬಾವಿಗಳು 1991ರ ನವೆಂಬರ್‌ವರೆಗೆ ಉರಿದದ್ದೂ ನಿಜ, ಬಸ್ರಾ ಪಕ್ಕದ ರುಮೈಲಾ ಎಣ್ಣೆ ಕ್ಷೇತ್ರದಲ್ಲಿ ಗ್ಯಾಸ್ ಸುಡುವುದೂ ನಿಜ. ಎಣ್ಣೆಯಲ್ಲಿರುವ ಬೆಂಜೀನ್ ಲ್ಯುಕೇಮಿಯಾ ತರುತ್ತದೆ ಅಂತ ಗೊತ್ತಿದೆ. ಆದರೆ ಬೆಂಜೀನಿನ ಗಟ್ಟಿ ಸಾಕ್ಷಿ ಇರೋದು ಮೈಲಾಯ್ಡ್ ಅನ್ನುವ ಬಗೆಯ ಲ್ಯುಕೇಮಿಯಾಗೆ. ಮಕ್ಕಳಲ್ಲಿ ನಾಲ್ಕರಲ್ಲಿ ಮೂರು ಪಾಲು ಲಿಂಫೋಬ್ಲಾಸ್ಟಿಕ್ ಅನ್ನುವ ಬೇರೆ ಬಗೆ. ಯಾವ ಮಗು ಯಾವುದನ್ನು ಎಷ್ಟು ಉಸಿರಾಡಿತು ಅಂತ ಅಳೆಯದೆ, ಬರೀ ತಲೆ ಎಣಿಸಿದ ಲೆಕ್ಕದಿಂದ ಕಾರಣ ಹೇಳೋಕಾಗುವುದಿಲ್ಲ. ನನ್ನ ಶೀಟಿನಲ್ಲಿ 'ಕಾರಣ' ಅಂತ ಇದ್ದ ಕಾಲಂ ತೆಗೆದುಹಾಕಿದೆ.

ಈಗಿನ ಸ್ಥಿತಿ: ಒಂದೇ ಗೆರೆ ಹೋಯಿತು. ಅದರ ಜಾಗದಲ್ಲಿ ಕಡಿಮೆ ಅಂದಾಜಿನಿಂದ ಜಾಸ್ತಿ ಅಂದಾಜಿನವರೆಗೆ ಒಂದು ಅಗಲ ಪಟ್ಟಿ ಬರೆದಿದ್ದೇನೆ, 1997ರ ಹತ್ತಿರ ತೆಳ್ಳಗೆ, ಅಲ್ಲಿಂದ ದೂರ ಹೋದ ಹಾಗೆ ದಪ್ಪ. ನೋಡೋಕೆ ಚೆನ್ನಾಗಿಲ್ಲ. 2006ಕ್ಕೆ ಬೇರೆ ಚುಕ್ಕಿ. ಮುಂದಿನ ವಾರದ ಕೆಲಸ, 2024ರ ಗಣತಿಯಿಂದ ಬಸ್ರಾದ ವಯಸ್ಸುವಾರು ಅಂಕಿ ತಂದು ಹಿಂದಕ್ಕೆ ಲೆಕ್ಕ ಹಾಕಿ, ಆ ಪಟ್ಟಿಯ ಬಲಗಡೆ ಎಷ್ಟು ಸಣ್ಣಗಾಗುತ್ತದೆ ಅಂತ ನೋಡೋದು. ಅರಬ್ಬಿ ಕೋಷ್ಟಕ ಓದೋಕೆ ಚಿಕ್ಕಪ್ಪನನ್ನೇ ಕೂರಿಸಿಕೊಳ್ಳಬೇಕು.