ಬಲ್ಲವರಿಗೆ ಹಳೆಯ ಕಾರು ಮಾರುವುದು

ದಿನನಿತ್ಯದ ಓಡಾಟಕ್ಕೆಂದು ಹಳೆಯ ಕಾರು ಹುಡುಕುವವರಿಗೆ ಕಾರು ಮಾರುವುದಕ್ಕೂ, ಅದೇ ಮಾದರಿಯನ್ನು ವರ್ಷಗಟ್ಟಲೆ ಇಟ್ಟುಕೊಂಡು ಅದರ ನಟ್ಟು ಬೋಲ್ಟುಗಳನ್ನೆಲ್ಲ ಬಲ್ಲ ಹವ್ಯಾಸಿಗಳಿಗೆ ಮಾರುವುದಕ್ಕೂ ಅಜಗಜಾಂತರವಿದೆ. ಮೊದಲ ವರ್ಗದವರು ಕಾರು ಯಾವ ವರ್ಷದ್ದು, ಎಷ್ಟು ಓಡಿದೆ, ಏ.ಸಿ. ಸರಿಯಿದೆಯೇ ಎಂದು ವಿಚಾರಿಸುತ್ತಾರೆ. ಹವ್ಯಾಸಿಗಳು ಮಾತ್ರ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಪಟ್ಟಿ) ಹಾಕಿಸುವಾಗ ಅದರ ಜೊತೆಗೆ ವಾಟರ್ ಪಂಪನ್ನೂ ಬದಲಾಯಿಸಿದ್ದೀರಾ, ಅದರ ಬಿಲ್ ಇದೆಯೇ ಎಂದು ಕೇಳುತ್ತಾರೆ. ಈಚೆಗೆ ನನ್ನ ಹಳೆಯ ಎರಡು ಬಾಗಿಲಿನ ಕಾರನ್ನು ಇಂಥವರ ನಡುವೆಯೇ ಮಾರಿದೆ. ಇಂಥ ಮಾರಾಟದಲ್ಲಿ ಬೆಲೆಯನ್ನು ನಿರ್ಧರಿಸುವುದು ಕಾರಿನ ವಯಸ್ಸೂ ಅಲ್ಲ, ಮಾರುವವರ ಮಾತಿನ ಚಾತುರ್ಯವೂ ಅಲ್ಲ, ಆ ಒಂದು ಕಾರಿನ ಬಗ್ಗೆ ಅವರು ಮುಂದಿಡಬಲ್ಲ ಪುರಾವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಅವರು 1970ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಬಳಸಿದ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದರು. ಕಾರಿನ ನಿಜಸ್ಥಿತಿ ಮಾರುವವರಿಗೆ ಗೊತ್ತಿರುತ್ತದೆ, ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಕೊಳ್ಳುವವರು ಎಲ್ಲ ಕಾರುಗಳಿಗೂ ಸಂಶಯದ ಬೆಲೆಯನ್ನೇ ಕೊಡಲು ಮುಂದಾಗುತ್ತಾರೆ. ಆ ಬೆಲೆಗೆ ಒಳ್ಳೆಯ ಕಾರಿನ ಮಾಲೀಕರು ಮಾರಲು ಒಪ್ಪದೆ ಹಿಂದೆ ಸರಿಯುತ್ತಾರೆ, ಕೊನೆಗೆ ಮಾರುಕಟ್ಟೆಯಲ್ಲಿ ಕಳಪೆ ಕಾರುಗಳೇ ಉಳಿಯುತ್ತವೆ ಎಂಬುದು ಅವರ ವಾದದ ತಿರುಳು. ಈ ಬಗೆಯ ಚಿಂತನೆಗಾಗಿ 2001ರಲ್ಲಿ ಅವರು ಇನ್ನಿಬ್ಬರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಹವ್ಯಾಸಿಗಳ ವಲಯದಲ್ಲಿ ಈ ಕಂದರ ಅರ್ಧದಷ್ಟು ಮುಚ್ಚಿರುತ್ತದೆ. ಆ ಮಾದರಿಯ ಎಂಜಿನ್ ಎಲ್ಲಿ ಎಣ್ಣೆ ಸೋರುತ್ತದೆ, ಯಾವ ವರ್ಷದ ಗೇರ್‌ಬಾಕ್ಸ್ ದುರ್ಬಲ ಎಂಬುದು ಎರಡೂ ಕಡೆಯವರಿಗೆ ಗೊತ್ತಿರುತ್ತದೆ. ತಿಳಿಯದೆ ಉಳಿದಿರುವುದು ನಿಮ್ಮ ಕಾರಿನ ಕಥೆ ಮಾತ್ರ. ಅದನ್ನು ಮುಚ್ಚಿಟ್ಟರೆ ಸಂಶಯದ ಬೆಲೆ ಸಿಗುತ್ತದೆ, ಬಿಚ್ಚಿಟ್ಟರೆ ಕಾರಿಗೆ ತಕ್ಕ ಬೆಲೆ ಸಿಗುತ್ತದೆ.

ಬೆಲೆ ಕಟ್ಟುವಾಗ ನಮ್ಮನ್ನು ಹಾದಿ ತಪ್ಪಿಸುವುದು ನಮ್ಮದೆಂಬ ಮೋಹ ಮತ್ತು ಸುರಿದ ಹಣದ ಲೆಕ್ಕ. ಸಂಶೋಧಕರಾದ ಡೇನಿಯಲ್ ಕಾನೆಮನ್, ಜ್ಯಾಕ್ ನೆಟ್ಶ್ ಮತ್ತು ರಿಚರ್ಡ್ ಥೇಲರ್ ಅವರು 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೆಲವು ನಿಮಿಷಗಳ ಹಿಂದಷ್ಟೇ ಕೈಗೆ ಬಂದ ಕಾಫಿ ಮಗ್ ಮಾರಲು ಅದರ ಒಡೆಯರು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಸಿದ್ಧವಿದ್ದ ಬೆಲೆಗಿಂತ ಸುಮಾರು ಎರಡು ಪಟ್ಟಿತ್ತು. ಒಂದು ಮಗ್‌ಗೆ ಹೀಗಾದರೆ, ರಜೆಯ ದಿನಗಳಲ್ಲೆಲ್ಲ ಅಡಿಯಲ್ಲಿ ಮಲಗಿ ರಿಪೇರಿ ಮಾಡಿದ ಕಾರಿನ ಬಗ್ಗೆ ಹೇಳುವುದೇನಿದೆ! ಬಿಲ್ಲುಗಳನ್ನೆಲ್ಲ ಕೂಡಿಸಿ ಬಂದ ಮೊತ್ತವನ್ನು ಬೆಲೆಯೆಂದು ಹೇಳುವವರನ್ನು ನಾನು ಬಹಳ ನೋಡಿದ್ದೇನೆ. ಆದರೆ ಕ್ಲಚ್, ಬ್ರೇಕ್, ರೇಡಿಯೇಟರ್, ಸಸ್ಪೆನ್ಷನ್ ಬುಷ್ ಇವೆಲ್ಲ ಸರಿಯಾಗಿರಬೇಕಾದವುಗಳೇ. ಅವನ್ನು ಹೊಸದಾಗಿ ಹಾಕಿಸಿದ್ದರೆ ಬೆಲೆ ಕಡಿತವಾಗುವುದಿಲ್ಲ, ಅಷ್ಟೇ. ಹಾಕಿಸಿದ ಹಣವೆಲ್ಲ ಬೆಲೆಯ ಮೇಲೆ ಬಂದು ಕೂರುವುದಿಲ್ಲ. ಆ ಖರ್ಚಿನ ಫಲವನ್ನು ಓಡಿಸಿದಷ್ಟು ದಿನ ನಾವೇ ಉಂಡಿರುತ್ತೇವೆ.

ಮಾಡಿಫಿಕೇಷನ್ ವಿಷಯದಲ್ಲಿ ಇದು ಇನ್ನೂ ಕಟುವಾದ ಸತ್ಯ. ತಗ್ಗಿಸಿದ ಸಸ್ಪೆನ್ಷನ್, ದೊಡ್ಡ ಅಲಾಯ್ ಚಕ್ರ, ಗದ್ದಲದ ಎಕ್ಸಾಸ್ಟ್ ಇವೆಲ್ಲ ಹಾಕಿಸಿದವರ ಅಭಿರುಚಿ. ಬೇರೊಬ್ಬ ಹವ್ಯಾಸಿಗೆ ಅವು ಬಿಚ್ಚಿ ತೆಗೆಯಬೇಕಾದ ಕೆಲಸವಾಗಿ ಕಾಣಬಹುದು. ಇಷ್ಟಾದ ಮೇಲೆ, ಎಂಜಿನ್ನಿನ ಶಕ್ತಿ ಹೆಚ್ಚಿಸಿದ ಕಾರನ್ನು ಹೇಗೆ ಓಡಿಸಿರಬಹುದು ಎಂಬ ಅನುಮಾನ ಬೇರೆ. ತೆಗೆದಿಟ್ಟ ಮೂಲ ಭಾಗಗಳು ಜೋಪಾನವಾಗಿದ್ದರೆ ಮಾತ್ರ ಚಿತ್ರ ಬದಲಾಗುತ್ತದೆ. ಮೂಲ ಚಕ್ರಗಳು, ಮೂಲ ಸ್ಟೀರಿಂಗ್, ಮೂಲ ಸ್ಟೀರಿಯೊ ಸಹಿತ ಕಾರನ್ನು ಕೊಡುತ್ತೇನೆಂದರೆ ಬಲ್ಲವರ ಕಣ್ಣು ಅರಳುತ್ತದೆ. ಏಕೆಂದರೆ ಹಳೆಯ ಮಾದರಿಗಳ ಇಂಥ ಸಾಮಾನು ತಯಾರಕರ ಬಳಿಯೂ ಎಷ್ಟೋ ಸಲ ಸಿಗುವುದಿಲ್ಲ.

ಹಾಗಾದರೆ ಬೆಲೆಯನ್ನು ಎಲ್ಲಿಂದ ಶುರು ಮಾಡಬೇಕು? ಜಾಹೀರಾತಿನಲ್ಲಿ ಕೇಳುವ ಬೆಲೆ ಕೇವಲ ಆಸೆ. ಅದೇ ಎಂಜಿನ್, ಅದೇ ಗೇರ್‌ಬಾಕ್ಸ್, ಹತ್ತಿರದ ವರ್ಷದ ಕಾರುಗಳು ನಿಜವಾಗಿ ಎಷ್ಟಕ್ಕೆ ಮಾರಾಟವಾದವು ಎಂಬುದನ್ನು ವಲಯದ ಹಿರಿಯರಲ್ಲಿ ಕೇಳಿ ತಿಳಿದುಕೊಳ್ಳಬೇಕು. ತಿಂಗಳುಗಟ್ಟಲೆ ಮಾರಾಟವಾಗದೆ ನಿಂತಿರುವ ಕಾರಿನ ಬೆಲೆಯಿಂದ ತಿಳಿಯುವುದು ಒಂದೇ, ಆ ಬೆಲೆಗೆ ಯಾರೂ ಕೊಳ್ಳುತ್ತಿಲ್ಲ ಎಂಬುದು. ಚೆನ್ನಾಗಿರುವ ಒಂದು ಕಾರಿಗೆ ನಿಜವಾಗಿ ಸಿಕ್ಕ ಬೆಲೆಯನ್ನು ಹಿಡಿದುಕೊಂಡು, ನಮ್ಮ ಕಾರನ್ನು ಆ ಸ್ಥಿತಿಗೆ ತರಲು ಆಗುವ ಖರ್ಚನ್ನು ಅದರಿಂದ ಕಳೆಯುವುದು ನಾನು ನಂಬುವ ಕ್ರಮ. ಟೈಮಿಂಗ್ ಬೆಲ್ಟ್ ಇರುವ ಹಲವು ಎಂಜಿನ್ನುಗಳಲ್ಲಿ ಅದನ್ನು ಸುಮಾರು 1,00,000 ಕಿ.ಮೀ. ಆಸುಪಾಸಿನಲ್ಲಿ, ಅಷ್ಟು ಓಡದಿದ್ದರೂ ನಿಗದಿತ ವರ್ಷಗಳಾದ ಮೇಲೆ ಬದಲಾಯಿಸಬೇಕಾಗುತ್ತದೆ. ವಾಲ್ವ್ ಮತ್ತು ಪಿಸ್ಟನ್ ಒಂದಕ್ಕೊಂದು ತಾಗಬಲ್ಲ ವಿನ್ಯಾಸದ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ಎಂಜಿನ್ನೇ ಹೋದಂತೆ. ಬದಲಾಯಿಸಿದ ದಾಖಲೆ ಇಲ್ಲದಿದ್ದರೆ ಬದಲಾಯಿಸಿಲ್ಲವೆಂದೇ ಕೊಳ್ಳುವವರು ಲೆಕ್ಕ ಹಾಕುತ್ತಾರೆ, ಹಾಕಬೇಕು ಕೂಡ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ಅವರು ಬಗ್ಗಿ ಓದುತ್ತಾರೆ. 2314 ಎಂದಿದ್ದರೆ ಅದು 2014ರ 23ನೇ ವಾರದಲ್ಲಿ ತಯಾರಾದ ಟೈರು. ಮೇಲಿನ ಗೆರೆಗಳು ಎಷ್ಟೇ ಆಳವಾಗಿ ಉಳಿದಿದ್ದರೂ ಅಷ್ಟು ಹಳೆಯ ರಬ್ಬರು ಗಟ್ಟಿಯಾಗಿರುತ್ತದೆ, ಹೊಸ ಟೈರಿನ ಖರ್ಚು ಬೆಲೆಯಿಂದ ಕಳೆದುಹೋಗುತ್ತದೆ.

ಈ ಕೂಡಿಸಿ ಕಳೆಯುವ ಲೆಕ್ಕವನ್ನು ಮುರಿಯುವುದು ತುಕ್ಕು. ಎಂಜಿನ್ ಇಳಿಸಿ ಸರಿಪಡಿಸಬಹುದು, ಸೀಟು ಹೊಲಿಸಬಹುದು. ತುಕ್ಕು ಮಾತ್ರ ಗೆದ್ದಲಿನಂತೆ ಒಳಗಿನಿಂದ ತಿನ್ನುತ್ತ ಬಂದು ಹೊರಗೆ ಕಾಣಿಸುವಷ್ಟರಲ್ಲಿ ಬಹಳ ದೂರ ಹೋಗಿರುತ್ತದೆ. 1989ರಲ್ಲಿ ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಮಜ್ದಾ ಎಂಎಕ್ಸ್-5 ಕಾರನ್ನೇ ನೋಡಿ. ಬಟ್ಟೆಯ ಮೇಲ್ಛಾವಣಿಯಿಂದ ಇಳಿಯುವ ಮಳೆನೀರು ಹೊರಹೋಗಲು ಸೀಟಿನ ಹಿಂದೆ ಎರಡೂ ಬದಿಯಲ್ಲಿ ರಂಧ್ರಗಳಿವೆ. ಅವುಗಳಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಟೊಳ್ಳಾದ ಪಟ್ಟಿಯೊಳಗೆ ಸೇರಿ, ಹಿಂಚಕ್ರದ ಸ್ವಲ್ಪ ಮುಂದೆ ತುಕ್ಕು ಹಿಡಿಸುತ್ತದೆ. ಬಲ್ಲವರು ಬಂದವರೇ ಬಣ್ಣದ ಹೊಳಪನ್ನು ನೋಡದೆ ಮಂಡಿಯೂರಿ ಕೂತು, ಆ ಅಂಚಿನ ಕೆಳಭಾಗಕ್ಕೆ ಬೆರಳು ಹಾಯಿಸುತ್ತಾರೆ. ಬಣ್ಣ ಗುಳ್ಳೆಯೆದ್ದಿದ್ದರೆ ಬೆರಳಿಗೆ ಮೊದಲು ತಿಳಿಯುತ್ತದೆ. ಅಲ್ಲಿ ಪುಟ್ಟಿ ಹಚ್ಚಿ ಹೊಸ ಬಣ್ಣ ಬಳಿದಿದ್ದರೆ ಬಣ್ಣದ ದಪ್ಪ ಅಳೆಯುವ ಪುಟ್ಟ ಉಪಕರಣ ಅದನ್ನೂ ಹೇಳಿಬಿಡುತ್ತದೆ. ಕಾರ್ಖಾನೆಯಲ್ಲಿ ಹಚ್ಚಿದ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇದ್ದರೆ, ಪುಟ್ಟಿಯ ಮೇಲೆ ಅದು ಹಲವು ಪಟ್ಟು ಏರಿರುತ್ತದೆ. ಹೀಗೆಯೇ ಬಿಎಂಡಬ್ಲ್ಯು ಇ46 ಕಾರಿನ ಅಭಿಮಾನಿಗಳು ಮೊದಲು ಹಿಂಭಾಗದ ಅಡಿಯಲ್ಲಿ ಸಬ್‌ಫ್ರೇಮ್ (ಹಿಂಚಕ್ರಗಳ ಜೋಡಣೆಯನ್ನು ಹೊರುವ ಚೌಕಟ್ಟು) ಕೂರುವ ಜಾಗದಲ್ಲಿ ತಗಡು ಬಿರಿದಿದೆಯೇ ಎಂದು ಪರೀಕ್ಷಿಸುತ್ತಾರೆ. ಇವನ್ನು ಅವರೇ ಕಂಡುಹಿಡಿಯಲಿ ಎಂದು ಕಾಯುವುದು ಸಲ್ಲದು. ಜ್ಯಾಕ್ ಕೊಟ್ಟು ಎತ್ತಿ, ಬೆಳಕು ಹಿಡಿದು, ಆ ಜಾಗಗಳ ಚಿತ್ರಗಳನ್ನು ನಾವೇ ತೆಗೆದು ಮೊದಲೇ ಕಳಿಸಬೇಕು.

ಕಡಿಮೆ ಓಡಿದ ಕಾರಿಗೆ ಹೆಚ್ಚು ಬೆಲೆ ಎಂಬ ನಂಬಿಕೆ ಹವ್ಯಾಸಿಗಳಲ್ಲೂ ಇದೆ, ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ರಬ್ಬರ್ ಸೀಲುಗಳು ಒಣಗುತ್ತವೆ, ಪೆಟ್ರೋಲು ಕೆಡುತ್ತದೆ, ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರಿಕೊಂಡು ಒಳಗಿನ ಲೋಹವನ್ನು ತಿನ್ನುತ್ತದೆ. ಹದವಾಗಿ ಓಡುತ್ತ, ವೇಳೆಗೆ ಸರಿಯಾಗಿ ಆಯಿಲ್ ಬದಲಾಯಿಸಿಕೊಂಡ ಕಾರನ್ನೇ ನಾನು ಮೇಲೆಂದು ಭಾವಿಸುತ್ತೇನೆ.

ಇನ್ನು, ಇಟ್ಟುಕೊಂಡರೆ ಬೆಲೆ ಏರುತ್ತದೆಯೇ ಎಂಬ ಪ್ರಶ್ನೆ. ಏರಿದ ಉದಾಹರಣೆಗಳಿಲ್ಲದೆ ಇಲ್ಲ. 25 ವರ್ಷ ತುಂಬಿದ ಕಾರುಗಳಿಗೆ ಅಮೆರಿಕವು ಆಮದಿನ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಕೊಡುವುದರಿಂದ, 1989ರ ನಿಸಾನ್ ಸ್ಕೈಲೈನ್ ಜಿಟಿ-ಆರ್ ಕಾರುಗಳಿಗೆ 2014ರಲ್ಲಿ ಆ ದೇಶದ ಬಾಗಿಲು ತೆರೆಯಿತು. ಎಲ್ಲೋ ಇರುವ ಒಂದು ಕಾನೂನಿನಿಂದ ಆ ಮಾದರಿಗೆ ಬೇಡಿಕೆ ಹೆಚ್ಚಿತು. 1998ರಲ್ಲಿ ಗಾಳಿಯಿಂದ ತಂಪಾಗುವ ಎಂಜಿನ್ನಿನ ಕೊನೆಯ ಪೋರ್ಷೆ 911 ತಯಾರಾದ ಮೇಲೆ ಅವುಗಳ ಬೆಲೆಯೂ ಕಾಲಕ್ರಮದಲ್ಲಿ ಮೇಲೇರಿತು. ಆದರೆ ನಮ್ಮ ನಿಮ್ಮ ಹಳೆಯ ಕಾರುಗಳಲ್ಲಿ ಬಹುಪಾಲಿಗೆ ಈ ಯೋಗವಿಲ್ಲ. ಮುಂದೆಂದೋ ಬರಬಹುದಾದ ಬೆಲೆಯನ್ನು ಇಂದಿನ ಕೊಳ್ಳುವವರಿಂದ ವಸೂಲಿ ಮಾಡಲು ಹೊರಡುವುದು ನ್ಯಾಯವಲ್ಲ, ಅವರು ಕೊಡುವುದೂ ಇಲ್ಲ.

ಬೆಲೆ ನಿಶ್ಚಯಿಸಿದ ಮೇಲೆ ಅದನ್ನು ಕಾರಣಸಹಿತ ಹೇಳುವುದು ಒಳ್ಳೆಯದು. ನಾನು ವಿವರಣೆಯನ್ನು ದೋಷಗಳಿಂದಲೇ ಆರಂಭಿಸಿದೆ. ಎರಡನೇ ಗೇರು ತಣ್ಣಗಿರುವಾಗ ಸ್ವಲ್ಪ ತಡೆಯುತ್ತದೆ, ವಾಲ್ವ್ ಕವರಿನ ಹಿಂದೆ ಎಣ್ಣೆ ಜಿನುಗುತ್ತದೆ, ಎಡಗಡೆಯ ಬಾಗಿಲಿಗೆ ಮರುಬಣ್ಣವಾಗಿದೆ, ಬೆಲೆಯಲ್ಲಿ ಇವನ್ನೆಲ್ಲ ಆಗಲೇ ಕಳೆದಿದ್ದೇನೆ ಎಂದು ಬರೆದೆ. ಕೊಳ್ಳುವವರು ಬರುವ ದಿನ ಎಂಜಿನ್ನನ್ನು ಬೆಳಗಿನಿಂದ ಮುಟ್ಟದೆ ತಣ್ಣಗೇ ಬಿಟ್ಟಿದ್ದೆ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಹಲವು ಕಾಯಿಲೆಗಳನ್ನು ಮರೆಮಾಡುತ್ತದೆ ಎಂಬುದು ಬಲ್ಲವರಿಗೆ ಗೊತ್ತು. ಬಂದವರು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನೋಡಿ, ಆಮೇಲೆ ತಾವೇ ಕೀಲಿ ತಿರುಗಿಸಿದರು. ಮೊದಲ ಕ್ಷಣಗಳ ಟಕಟಕ ಸದ್ದು ಎಷ್ಟು ಹೊತ್ತಿಗೆ ಅಡಗಿತು, ಎಕ್ಸಾಸ್ಟಿನಿಂದ ನೀಲಿ ಹೊಗೆ ಬಂತೇ ಎಂದು ಗಮನಿಸಿದರು. ಅವರದೇ ಮೆಕ್ಯಾನಿಕ್ ಬಂದು ಕಂಪ್ರೆಷನ್ ಪರೀಕ್ಷೆ ಮಾಡಲು ನಾನು ಮೊದಲೇ ಒಪ್ಪಿದ್ದೆ. ಸಿಲಿಂಡರುಗಳ ಒತ್ತಡ ಒಂದಕ್ಕೊಂದು ಹತ್ತಿರವಿರುವುದು ಕಾಗದದ ಮೇಲೆ ಬಂದುಬಿಟ್ಟರೆ ಎಂಜಿನ್ನಿನ ಬಗ್ಗೆ ಚರ್ಚೆಗೆ ಜಾಗವೇ ಉಳಿಯುವುದಿಲ್ಲ.

ಹೀಗೆ ಎಲ್ಲವನ್ನೂ ಹೇಳಿದ ಮೇಲೂ "ಕೊನೆಯ ಬೆಲೆ ಎಷ್ಟು ಹೇಳಿ" ಎಂಬ ಪ್ರಶ್ನೆ ಬಂದೇ ಬರುತ್ತದೆ. ಚೌಕಾಸಿಗೆಂದು ಬೆಲೆಯನ್ನು ಮೊದಲೇ ಉಬ್ಬಿಸಿಡುವುದು ಅಪರಿಚಿತರ ನಡುವೆ ನಡೆಯುತ್ತದೆ. ಗೆಳೆಯರ ವಲಯದಲ್ಲಿ ಅದು ಮುಂದೊಂದು ದಿನ ಮುಜುಗರಕ್ಕೆ ದಾರಿ. ನಾನು ಹೇಳದೆ ಬಿಟ್ಟ ದೋಷವೊಂದು ಸಿಕ್ಕರೆ ಅದರ ರಿಪೇರಿ ಖರ್ಚನ್ನು ಕಳೆಯುತ್ತೇನೆ, ಬೇರೆ ಕಾರಣಕ್ಕೆ ಇಳಿಸುವುದಿಲ್ಲ ಎಂದು ನೇರವಾಗಿ ತಿಳಿಸಿದೆ, ಯಾರೂ ಬೇಸರಿಸಲಿಲ್ಲ. ಸ್ನೇಹದ ದಾಕ್ಷಿಣ್ಯಕ್ಕೆ ಬೆಲೆ ಇಳಿಸುವುದನ್ನೂ ನಾನು ಮೆಚ್ಚುವುದಿಲ್ಲ. ಅಗ್ಗಕ್ಕೆ ಕೊಟ್ಟ ಕಾರು ತಿಂಗಳೊಪ್ಪತ್ತಿನಲ್ಲಿ ಹೆಚ್ಚಿನ ಬೆಲೆಗೆ ಮರುಮಾರಾಟವಾದರೆ ಸ್ನೇಹದಲ್ಲಿ ಬಿರುಕು ಬೀಳುತ್ತದೆ. ಕೊಡಬೇಕೆನಿಸಿದರೆ ಕೂಡಿಟ್ಟ ಬಿಡಿಭಾಗಗಳನ್ನೋ ರಿಪೇರಿ ಕೈಪಿಡಿಯನ್ನೋ ಕೊಡಬಹುದು. ಹಣ ಸಂದಾಯವಾದ ದಿನವೇ ನೋಂದಣಿ ವರ್ಗಾವಣೆಯ ಕಾಗದಗಳಿಗೆ ಸಹಿಯಾಗಬೇಕು, ಷಾಸಿ ನಂಬರನ್ನು ಇಬ್ಬರೂ ಸೇರಿ ಕಾಗದದೊಂದಿಗೆ ತಾಳೆ ನೋಡಬೇಕು. ಪರಿಚಯ ಎಷ್ಟೇ ಗಾಢವಾಗಿದ್ದರೂ ಇದರಲ್ಲಿ ರಿಯಾಯಿತಿ ಬೇಡ.

ನನಗೆ ಕಷ್ಟವೆನಿಸಿದ ಪ್ರಶ್ನೆ ಒಂದೇ. ಕೆಲವು ಹಳೆಯ ಕಾರುಗಳಿಗೆ ಇಡಿಯಾಗಿ ಸಿಗುವ ಬೆಲೆಗಿಂತ ಬಿಚ್ಚಿ ಮಾರಿದರೆ ಬರುವ ಹಣ ಹೆಚ್ಚು. ಗೇರ್‌ಬಾಕ್ಸ್, ದೀಪಗಳು, ಒಳಾಂಗಣದ ಪ್ಲಾಸ್ಟಿಕ್ ಭಾಗಗಳಿಗೆ ಕಾದು ಕೂತವರಿರುತ್ತಾರೆ. ಹಾಗೆ ಕೇಳಿದವರೊಬ್ಬರು ನನಗೂ ಸಿಕ್ಕಿದ್ದರು, ಅವರು ಹೇಳಿದ ಬೆಲೆ ಚೆನ್ನಾಗಿಯೇ ಇತ್ತು. ನನ್ನ ಕಾರಿನ ತಳ ಗಟ್ಟಿಯಾಗಿತ್ತು, ಎಂಜಿನ್ ಆರೋಗ್ಯವಾಗಿತ್ತು. ಅಂಥ ಕಾರನ್ನು ಬಿಚ್ಚಲು ಕೊಡುವುದು ಆ ಮಾದರಿಗೆ ಮಾಡುವ ಅನ್ಯಾಯವೆಂದು ತೋರಿ, ಓಡಿಸುತ್ತೇನೆಂದವರಿಗೆ ಅದಕ್ಕಿಂತ ಸ್ವಲ್ಪ ಕಡಿಮೆಗೇ ಕೊಟ್ಟೆ. ತಳವೇ ತುಕ್ಕಿಗೆ ಹೋಗಿದ್ದರೆ ಎರಡು ಮಾತಿಲ್ಲದೆ ಬಿಚ್ಚುವವರಿಗೆ ಒಪ್ಪಿಸುತ್ತಿದ್ದೆ. ಆಗ ಅದರ ಬಾಗಿಲು, ಗಾಜು, ಗೇರುಗಳಿಂದ ಭಾಗ ಸಿಗದೆ ನಿಂತಿರುವ ಬೇರೆ ಕೆಲವು ಕಾರುಗಳಾದರೂ ರಸ್ತೆಗಿಳಿಯುತ್ತಿದ್ದವು.